‘ಚೆನ್ನಾಗಿದ್ದೀನಿ’ ಎನ್ನುವುದಕ್ಕೆ ತಗಲುವ ಖರ್ಚು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡು, ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

‘ಮೇಲೆ ಬಸಪ್ಪ, ಒಳಗೆ ವಿಷಪ್ಪ’ ಎಂಬ ಗಾದೆ ನಮಗೆಲ್ಲ ಗೊತ್ತು. ಅದು ಇನ್ನೊಬ್ಬರಿಗೆ ಕೇಡು ಬಗೆಯುವವನ ಕುರಿತ ಮಾತು. ಇವತ್ತು ನಾನು ಮಾತಾಡಲು ಹೊರಟಿರುವುದು ಅವನ ಬಗ್ಗೆ ಅಲ್ಲ. ಯಾರಿಗೂ ಕೇಡು ಬಗೆಯದೆ, ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಒಂದಲ್ಲ ಒಂದು ಮುಖ ಹೊತ್ತು ತಿರುಗುವ ಸಾಮಾನ್ಯ ಮನುಷ್ಯರ ಬಗ್ಗೆ. ಅರ್ಥವಾಗದ ಮಾತಿಗೆ ತಲೆಯಾಡಿಸುವವರು, ನಗು ಬಾರದ ಜೋಕಿಗೆ ನಗುವವರು, ಕೈಯಲ್ಲಿ ಕಾಸಿಲ್ಲದಿದ್ದರೂ ಬಿಲ್ಲು ನಾನೇ ಕೊಡುತ್ತೇನೆಂದು ಮುಂದೆ ಬರುವವರು, ಬೇಡದ ಕೆಲಸಕ್ಕೆ ‘ಖಂಡಿತ ಮಾಡೋಣ’ ಎನ್ನುವವರು, ನಿದ್ದೆಯಿಲ್ಲದ ಮೂರನೇ ರಾತ್ರಿಯ ಮರುದಿನವೂ ‘ಚೆನ್ನಾಗಿದ್ದೀನಿ’ ಎನ್ನುವವರು.

ಇದು ತಪ್ಪು, ಇದು ಸುಳ್ಳು ಎಂದು ಉಪದೇಶ ಮಾಡುವುದು ನನ್ನ ಉದ್ದೇಶವಲ್ಲ. ಲೆಕ್ಕ ಹಾಕುವುದು ಉದ್ದೇಶ. ಈ ನಟನೆಗೆ ಖರ್ಚು ಎಲ್ಲಿಂದ ಬರುತ್ತದೆ, ಯಾವ ಖಾತೆಯಿಂದ ಕಳೆಯುತ್ತದೆ, ಎಲ್ಲಿ ಆ ಖರ್ಚು ಮಾಡಲೇಬೇಕು, ಎಲ್ಲಿ ಸುಮ್ಮನೆ ಸೋರಿಹೋಗುತ್ತಿದೆ ಎಂದು ನೋಡುವುದು.

ಮೊದಲು ಒಂದು ವಿಂಗಡಣೆ. ನಟನೆ ಎಂದಾಗ ಅದರಲ್ಲಿ ಎರಡು ಕೆಲಸ ಇರುತ್ತವೆ. ಇರುವುದನ್ನು ಮುಚ್ಚುವುದು ಒಂದು, ಇಲ್ಲದ್ದನ್ನು ತೋರಿಸುವುದು ಇನ್ನೊಂದು. ಸಿಟ್ಟು ಬಂದಾಗ ಸುಮ್ಮನಿರುವವನು ಮೊದಲನೆಯದನ್ನು ಮಾತ್ರ ಮಾಡುತ್ತಾನೆ. ಸಿಟ್ಟು ಬಂದಾಗ ನಗುವವನು ಎರಡನ್ನೂ ಮಾಡುತ್ತಾನೆ. ಈ ವ್ಯತ್ಯಾಸ ಮುಂದೆ ಪರಿಹಾರದ ಮಾತು ಬಂದಾಗ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಈ ವಿಷಯವನ್ನು ಮೊದಲು ಕೆಲಸದ ಜಾಗದಲ್ಲಿಟ್ಟು ಗಂಭೀರವಾಗಿ ನೋಡಿದವರು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್. 1983ರಲ್ಲಿ ಪ್ರಕಟವಾದ ಅವರ ಅಧ್ಯಯನ ವಿಮಾನದ ಗಗನಸಖಿಯರನ್ನೂ ಸಾಲ ವಸೂಲಿ ಮಾಡುವವರನ್ನೂ ಅಕ್ಕಪಕ್ಕ ಇಟ್ಟು ನೋಡಿತು. ಒಬ್ಬರು ತಮಗೆ ಸಹಜವಾದದ್ದಕ್ಕಿಂತ ಹೆಚ್ಚು ಮೃದುವಾಗಿರಬೇಕು, ಇನ್ನೊಬ್ಬರು ಸಹಜವಾದದ್ದಕ್ಕಿಂತ ಹೆಚ್ಚು ಒರಟಾಗಿರಬೇಕು. ಇಬ್ಬರಿಗೂ ಸಂಬಳ ಬರುವುದು ಭಾವನೆಯನ್ನು ನಿಭಾಯಿಸುವುದಕ್ಕೆ. ಅವರು ಎರಡು ಬಗೆಯ ನಟನೆಯನ್ನು ಗುರುತಿಸಿದರು. ಒಳಗೆ ಏನೇ ಇರಲಿ, ಮುಖ ಮತ್ತು ದನಿಯನ್ನಷ್ಟೇ ಬದಲಿಸುವುದು ಮೇಲ್ನಟನೆ. ಎದುರಿನ ವ್ಯಕ್ತಿಯನ್ನು ನೋಡುವ ಬಗೆಯನ್ನೇ ಬದಲಿಸಿಕೊಂಡು, ಬೇಕಾದ ಭಾವನೆ ಒಳಗೇ ಹುಟ್ಟುವಂತೆ ಮಾಡಿಕೊಳ್ಳುವುದು ಒಳನಟನೆ. ಕೂಗಾಡುವ ಪ್ರಯಾಣಿಕನ ಮುಂದೆ ಹಲ್ಲು ಕಚ್ಚಿ ನಗುವುದು ಮೊದಲನೆಯದು. ‘ಪಾಪ, ಇವನಿಗೆ ಹಾರಾಟದ ಭಯ ಇರಬೇಕು’ ಎಂದು ಭಾವಿಸಿಕೊಂಡು ನಿಜವಾಗಿಯೇ ಸ್ವಲ್ಪ ಕರಗುವುದು ಎರಡನೆಯದು.

ಹೊರಗಿನಿಂದ ಎರಡೂ ಒಂದೇ ಥರ ಕಾಣಬಹುದು. ಖರ್ಚು ಮಾತ್ರ ಬೇರೆ ಬೇರೆ. 2011ರಲ್ಲಿ 95 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ದಣಿವು, ಬೇಸರ, ಕೆಲಸದ ಅತೃಪ್ತಿಗಳ ಜೊತೆ ಗಟ್ಟಿಯಾಗಿ ಹೆಣೆದುಕೊಂಡಿದ್ದು ಮೇಲ್ನಟನೆ. ಒಳನಟನೆಗೆ ಅಂಥ ಗಟ್ಟಿ ನಂಟು ಕಾಣಲಿಲ್ಲ.

ಯಾಕೆ ಹೀಗೆ? ಮುಖದ ಸ್ನಾಯುಗಳಿಗೆ ಆಯಾಸವಾಗುತ್ತದೆ ಎಂದು ಉತ್ತರಿಸುವುದು ಸುಲಭ. ಅದರಲ್ಲಿ ಒಂದಿಷ್ಟು ಸತ್ಯವೂ ಇದೆ. ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲೇ ತೋರಿಸಿದಂತೆ, ತುಟಿಯ ಅಂಚನ್ನು ಮೇಲೆಳೆಯುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಕಣ್ಣಿನ ಸುತ್ತಲಿನ ಸ್ನಾಯು ಅಷ್ಟು ಸುಲಭವಾಗಿ ಕೇಳುವುದಿಲ್ಲ. ಒತ್ತಾಯದ ನಗು ಕಣ್ಣು ತಲುಪದಿರುವುದು ಅದಕ್ಕೇ. ಆದರೆ ಮುಖ್ಯ ಖರ್ಚು ಸ್ನಾಯುವಿನದಲ್ಲ, ಗಮನದ್ದು. ಒಲೆಯ ಮೇಲಿಟ್ಟ ಹಾಲು ಉಕ್ಕದಂತೆ ಕಾಯುವುದು ಕಷ್ಟದ ಕೆಲಸವೇನಲ್ಲ. ಆದರೆ ಕಾಯುವವನು ಅತ್ತಿತ್ತ ಹೋಗುವಂತಿಲ್ಲ. ಮುಖ ಕಾಯುವವನ ಸ್ಥಿತಿಯೂ ಅದೇ. ‘ನನ್ನ ಬೇಸರ ಕಾಣುತ್ತಿದೆಯೇ? ದನಿ ಸರಿಯಾಗಿದೆಯೇ? ಈಗ ನಗಬೇಕಿತ್ತೇ?’ ಎಂಬ ಪಹರೆ ಒಳಗೆ ನಿಲ್ಲದೆ ನಡೆಯುತ್ತಿರುತ್ತದೆ.

ಇದನ್ನು ಪ್ರಯೋಗಾಲಯದಲ್ಲಿ ಅಳೆದವರಿದ್ದಾರೆ. ಮನಶ್ಶಾಸ್ತ್ರಜ್ಞರಾದ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ 1993ರಲ್ಲಿ ಜನರಿಗೆ ಅಸಹ್ಯ ಹುಟ್ಟಿಸುವ ಚಿತ್ರದ ತುಣುಕನ್ನು ತೋರಿಸಿ, ಒಂದು ಗುಂಪಿಗೆ ‘ನಿಮಗೆ ಏನನ್ನಿಸುತ್ತಿದೆ ಎಂದು ಹೊರಗಿನವರಿಗೆ ಗೊತ್ತಾಗಬಾರದು’ ಎಂದು ಹೇಳಿದರು. ಅವರ ಮುಖದಲ್ಲಿ ಅಸಹ್ಯ ಕಡಿಮೆ ಕಂಡಿತು, ಒಳಗಿನ ಅಸಹ್ಯ ಕಡಿಮೆಯಾಗಲಿಲ್ಲ. ಮೇಲಾಗಿ ಚರ್ಮದ ಬೆವರಿನ ಮಟ್ಟದಂಥ ಗುರುತುಗಳು, ಅಂದರೆ ಅಪಾಯ ಬಂದಾಗ ದೇಹವನ್ನು ಸಜ್ಜುಗೊಳಿಸುವ ಸಿಂಪಥೆಟಿಕ್ ನರವ್ಯೂಹ ಚುರುಕಾದದ್ದರ ಗುರುತುಗಳು, ಏರಿದ್ದವು. 1997ರಲ್ಲಿ ಅವರೇ ದುಃಖದ ಮತ್ತು ನಗೆಯ ತುಣುಕುಗಳನ್ನಿಟ್ಟು ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ದುಃಖವನ್ನು ಮುಚ್ಚಿಟ್ಟವರಿಗೆ ದುಃಖ ಕಡಿಮೆಯಾಗಲಿಲ್ಲ. ನಗುವನ್ನು ಮುಚ್ಚಿಟ್ಟವರಿಗೆ ಮಾತ್ರ ಖುಷಿ ಕಡಿಮೆಯಾಯಿತು. ಎಂಥ ಅನ್ಯಾಯದ ವ್ಯಾಪಾರ ನೋಡಿ. ಮುಚ್ಚಿದರೆ ನೋವು ಹಾಗೇ ಉಳಿಯುತ್ತದೆ, ಸಂತೋಷ ಸವೆಯುತ್ತದೆ.

ಎರಡನೇ ಖರ್ಚು ನೆನಪಿನದು. ಗ್ರಾಸ್ ಅವರೇ ಜೇನ್ ರಿಚರ್ಡ್ಸ್ ಜೊತೆ 2000ದಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಭಾವನೆ ಅದುಮಿಕೊಂಡು ಕುಳಿತವರಿಗೆ ಆ ಹೊತ್ತಿನಲ್ಲಿ ಕೇಳಿದ ವಿವರಗಳು ಕಡಿಮೆ ನೆನಪಿದ್ದವು. ಒಂದು ಗಂಟೆಯ ಮೀಟಿಂಗಿನಲ್ಲಿ ಆಸಕ್ತಿಯ ಮುಖ ಹೊತ್ತು ಕೂತವರಿಗೆ, ಹೊರಗೆ ಬಂದ ಮೇಲೆ ಯಾರು ಏನು ಹೇಳಿದರೆಂದು ನೆನಪಾಗದಿದ್ದರೆ ಅದು ಮರೆವಿನ ಕಾಯಿಲೆ ಆಗಿರಬೇಕಿಲ್ಲ. ಕೇಳಿಸಿಕೊಳ್ಳಬೇಕಾದ ಗಮನ ಮುಖದ ಪಹರೆಗೆ ಹೋಗಿರುತ್ತದೆ, ಅಷ್ಟೇ. ಮೂರನೆಯದು ಎದುರಿನವರ ಖರ್ಚು. 2003ರ ಒಂದು ಅಧ್ಯಯನದಲ್ಲಿ ಅಪರಿಚಿತ ಹೆಂಗಸರನ್ನು ಜೋಡಿ ಮಾಡಿ, ಮನಕಲಕುವ ಚಿತ್ರವೊಂದರ ಬಗ್ಗೆ ಮಾತಾಡಲು ಬಿಟ್ಟು, ಕೆಲವು ಜೋಡಿಗಳಲ್ಲಿ ಒಬ್ಬರಿಗೆ ಮಾತ್ರ ಭಾವನೆ ತೋರಿಸಬೇಡಿ ಎಂದು ಗುಟ್ಟಾಗಿ ಹೇಳಲಾಗಿತ್ತು. ಅದೇನೂ ಗೊತ್ತಿರದ ಎದುರಿನ ಹೆಂಗಸಿನ ರಕ್ತದೊತ್ತಡವೂ ಏರಿತು. ‘ನಾನು ನುಂಗಿಕೊಂಡರೆ ಮನೆಯವರು ನೆಮ್ಮದಿಯಾಗಿರುತ್ತಾರೆ’ ಎನ್ನುವವರು ಇದನ್ನು ಗಮನಿಸಬೇಕು.

ಇವೆಲ್ಲ ಆ ಹೊತ್ತಿನ ಖರ್ಚುಗಳು. ನಿಧಾನವಾಗಿ ಏರುವ ಖರ್ಚುಗಳು ಬೇರೆ ಇವೆ. ನನ್ನ ಮಟ್ಟಿಗೆ ದೊಡ್ಡವು ಅವೇ.

ಮುಚ್ಚಿಡುವ ಕೆಲಸ ಎದುರಿಗೆ ಜನ ಇದ್ದಾಗ ಮಾತ್ರ ನಡೆಯುವುದಿಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಜನರಿಗೆ ‘ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ’ ಎಂದು ಐದು ನಿಮಿಷ ಕೂರಿಸಿದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ‘ಈಗ ಬೇಕಾದರೆ ಯೋಚಿಸಿ’ ಎಂದಾಗ, ಮೊದಲಿನಿಂದಲೂ ಯೋಚಿಸಲು ಬಿಟ್ಟವರಿಗಿಂತ ಇವರಿಗೆ ಕರಡಿ ಹೆಚ್ಚು ಕಾಡಿತು. ಗುಟ್ಟುಗಳ ಬಗ್ಗೆ ಮೈಕೆಲ್ ಸ್ಲೆಪಿಯನ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದ್ದೂ ಇದರ ಮುಂದಿನ ಮಾತೇ. ಜನ ತಮ್ಮ ಗುಟ್ಟನ್ನು ಯಾರದೋ ಮುಂದೆ ಬಚ್ಚಿಡಬೇಕಾಗುವ ಸಂದರ್ಭಗಳಿಗಿಂತ, ಒಬ್ಬರೇ ಇದ್ದಾಗ ಮನಸ್ಸು ತಾನಾಗಿ ಅದರತ್ತ ಹರಿಯುವ ಸಂದರ್ಭಗಳೇ ಹೆಚ್ಚು. ಅವರ ನೆಮ್ಮದಿ ಕೆಡುವುದು ಈ ಎರಡನೆಯದರಿಂದ. ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳದ ಮನುಷ್ಯ ದಿನಕ್ಕೆ ಎರಡು ಸಲ ಸುಳ್ಳು ಹೇಳಬೇಕಾಗಬಹುದು. ಆ ವಿಷಯ ಅವನ ತಲೆಗೆ ಬರುವುದು ಎರಡೇ ಸಲವಲ್ಲ.

ಇನ್ನೊಂದು ಖರ್ಚು ವಿಚಿತ್ರದ್ದು. 1959ರಲ್ಲಿ ಲಿಯಾನ್ ಫೆಸ್ಟಿಂಜರ್ ಮತ್ತು ಜೇಮ್ಸ್ ಕಾರ್ಲ್‌ಸ್ಮಿತ್ ವಿದ್ಯಾರ್ಥಿಗಳಿಂದ ಒಂದು ಗಂಟೆ ಮಹಾ ಬೇಸರದ ಕೆಲಸ ಮಾಡಿಸಿದರು. ತಟ್ಟೆಗೆ ಉರುಳೆಗಳನ್ನು ತುಂಬುವುದು, ಖಾಲಿ ಮಾಡುವುದು, ಹಲಗೆಯ ಮೇಲಿನ ಗೂಟಗಳನ್ನು ಕಾಲು ಸುತ್ತು ತಿರುಗಿಸುವುದು. ಆಮೇಲೆ, ಹೊರಗೆ ಕಾಯುತ್ತಿರುವವರಿಗೆ ‘ತುಂಬಾ ಮಜವಾಗಿತ್ತು’ ಎಂದು ಹೇಳಿ ಬನ್ನಿ ಎಂದರು. ಆ ಸುಳ್ಳಿಗೆ ಕೆಲವರಿಗೆ 20 ಡಾಲರ್ ಕೊಟ್ಟರು, ಕೆಲವರಿಗೆ 1 ಡಾಲರ್. ಕೊನೆಗೆ ‘ನಿಜವಾಗಿ ಹೇಗಿತ್ತು?’ ಎಂದು ಕೇಳಿದಾಗ, 20 ಡಾಲರ್ ಪಡೆದವರು ಬೇಸರವಾಗಿತ್ತು ಎಂಬ ಮಾತಿನಲ್ಲೇ ನಿಂತರು. 1 ಡಾಲರ್ ಪಡೆದವರು ಕೆಲಸ ಚೆನ್ನಾಗಿಯೇ ಇತ್ತು ಎನ್ನತೊಡಗಿದ್ದರು. ಸುಳ್ಳು ಹೇಳಲು ಸಾಕಷ್ಟು ಕಾರಣವಿಲ್ಲದಿದ್ದಾಗ ಮನಸ್ಸು ತನ್ನ ಅಭಿಪ್ರಾಯವನ್ನೇ ತಿದ್ದಿಕೊಳ್ಳುತ್ತದೆ ಎಂದು ಅವರು ವಿವರಿಸಿದರು. ಈ ವಿವರಣೆಯ ಮೇಲೆ ವಾದ ಇವತ್ತಿಗೂ ನಡೆದಿದೆ. ಆದರೂ ಪ್ರಶ್ನೆ ನಮಗೆ ತಾಗುವಂಥದ್ದು. ನಾವು ದಿನವೂ ಆಡುವ ನಾಟಕಗಳಲ್ಲಿ ಹೆಚ್ಚಿನವಕ್ಕೆ ಸಿಗುವ ಸಂಭಾವನೆ 1 ಡಾಲರಿನಷ್ಟೇ: ಒಂದು ಒಪ್ಪಿಗೆಯ ನೋಟ, ಒಂದು ತಪ್ಪಿದ ಜಗಳ. ಹತ್ತು ವರ್ಷ ಹೀಗೆ ಕಳೆದ ಮೇಲೆ ‘ನಿನಗೇನು ಬೇಕು?’ ಎಂದು ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತದೆ. ಉತ್ತರ ಮುಚ್ಚಿಟ್ಟದ್ದರಿಂದಲ್ಲ, ಉತ್ತರ ಎಲ್ಲಿಟ್ಟಿದ್ದೇವೆಂದು ನಮಗೇ ಗೊತ್ತಿಲ್ಲದ್ದರಿಂದ.

ಮೆಚ್ಚುಗೆ ಅಂಟದಿರುವುದೂ ಇದೇ ಸಾಲಿಗೆ ಸೇರುತ್ತದೆ. ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ 1978ರಲ್ಲಿ, ದೊಡ್ಡ ಸಾಧನೆ ಮಾಡಿಯೂ ‘ನಾನು ಎಲ್ಲರನ್ನೂ ಏಮಾರಿಸಿದ್ದೇನೆ, ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತೇನೆ’ ಎಂದು ನಂಬಿದ್ದ ಹೆಣ್ಣುಮಕ್ಕಳ ಬಗ್ಗೆ ಬರೆದರು. ಇದು ಕಾಯಿಲೆಯಲ್ಲ, ಒಂದು ಸುತ್ತು. ಹೊಸ ಕೆಲಸ ಬರುತ್ತದೆ, ಹೆದರಿಕೆಯಾಗುತ್ತದೆ. ಹೆದರಿಕೆಯಿಂದ ಒಂದೋ ಬೇಕಾದ್ದಕ್ಕಿಂತ ಎರಡು ಪಟ್ಟು ದುಡಿಯುತ್ತಾರೆ, ಇಲ್ಲವೇ ಕೊನೇ ಗಳಿಗೆವರೆಗೆ ಮುಂದೂಡುತ್ತಾರೆ. ಕೆಲಸ ಚೆನ್ನಾಗಿಯೇ ಆಗುತ್ತದೆ. ದುಡಿದವರು ‘ಅಷ್ಟು ಒದ್ದಾಡಿದ್ದಕ್ಕೆ ಆಯಿತು’ ಎನ್ನುತ್ತಾರೆ, ಮುಂದೂಡಿದವರು ‘ಅದೃಷ್ಟ’ ಎನ್ನುತ್ತಾರೆ. ತನಗೆ ಬರುತ್ತದೆ ಎಂಬ ಪುರಾವೆ ಯಾರ ಖಾತೆಗೂ ಜಮೆಯಾಗುವುದಿಲ್ಲ. ಹೊಗಳಿಕೆ ಬಂದರೂ ಅದು ಹೊರಗೆ ತೋರಿಸಿದ ಮುಖಕ್ಕೆ ಬಂದದ್ದು ಎಂದು ಅವರಿಗೆ ಗೊತ್ತು. ಪ್ರೀತಿಯ ಮಾತಿಗೂ ಇದೇ ಗತಿ.

ಈಗ ನಮ್ಮ ಕಾಲದ ಮಾತಿಗೆ ಬರೋಣ. ನಟನೆ ಹೊಸದಲ್ಲ. ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1950ರ ದಶಕದಲ್ಲೇ ಮನುಷ್ಯರ ಒಡನಾಟವನ್ನು ರಂಗಭೂಮಿಯ ಭಾಷೆಯಲ್ಲಿ ವಿವರಿಸಿದ್ದರು. ಅವರ ವಿವರಣೆಯಲ್ಲಿ ರಂಗದ ಮುಂಭಾಗದಷ್ಟೇ ಮುಖ್ಯವಾದದ್ದು ಹಿಂಭಾಗ. ಹೋಟೆಲಿನ ಮಾಣಿ ಗಿರಾಕಿಯ ಮುಂದೆ ವಿನಯದ ಮೂರ್ತಿ. ಅಡುಗೆಮನೆಯ ಬಾಗಿಲು ದಾಟಿದ ಕೂಡಲೇ ಭುಜ ಇಳಿಬಿಟ್ಟು, ಗಿರಾಕಿಯನ್ನು ಅಣಕಿಸಿ, ಉಸಿರು ಬಿಡುತ್ತಾನೆ. ಆ ಬಾಗಿಲು ಇರುವುದರಿಂದಲೇ ಅವನು ಮತ್ತೆ ಹೊರಗೆ ಬರಬಲ್ಲ.

ನಮ್ಮ ಕಾಲದಲ್ಲಿ ಹೆಚ್ಚಾಗಿರುವುದು ನಟನೆಯೋ ಇಲ್ಲವೋ ಹೇಳಲಾರೆ. ಕಡಿಮೆಯಾಗಿರುವುದು ಆ ಅಡುಗೆಮನೆ. ಫೋನು ಮಲಗುವ ಕೋಣೆಗೂ ಬಂದಿದೆ, ಅದರ ಜೊತೆ ಕಚೇರಿಯ ಗುಂಪು, ಬಂಧುಗಳ ಗುಂಪು, ಹಳೆಯ ಸಹಪಾಠಿಗಳ ಗುಂಪು ಎಲ್ಲವೂ ಬಂದಿವೆ. ಮೊದಲು ಅಪ್ಪನ ಮುಂದೆ ಒಂದು ಮುಖ, ಗೆಳೆಯರ ಮುಂದೆ ಒಂದು, ಮೇಲಧಿಕಾರಿಯ ಮುಂದೆ ಇನ್ನೊಂದು ಇದ್ದರೂ ಇವರೆಲ್ಲ ಒಂದೇ ಕೋಣೆಯಲ್ಲಿ ಕೂತಿರುತ್ತಿರಲಿಲ್ಲ. ಈಗ ಒಂದು ಫೋಟೊ ಹಾಕಿದರೆ ಮೂವರೂ ಒಟ್ಟಿಗೆ ನೋಡುತ್ತಾರೆ. ಮೂವರಿಗೂ ಒಪ್ಪುವ ಮುಖವೆಂದರೆ ಯಾರಿಗೂ ಏನೂ ಹೇಳದ, ಸದಾ ಸುಖಿಯಾದ ಒಂದು ಮುಖ. ಅದಕ್ಕೆ ಸಾವಿರ ಮೆಚ್ಚುಗೆ ಬಂದರೂ ಒಂಟಿತನ ಕಳೆಯದಿರುವುದು ಆಶ್ಚರ್ಯವಲ್ಲ.

ವಿಡಿಯೊ ಕರೆಗಳದ್ದು ಇನ್ನೊಂದು ಕಥೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ 2021ರಲ್ಲಿ ಅದರ ದಣಿವಿಗೆ ನಾಲ್ಕು ಕಾರಣ ಗುರುತಿಸಿದರು: ತೀರಾ ಹತ್ತಿರದಿಂದ ದಿಟ್ಟಿಸುವ ಕಣ್ಣುಗಳು, ಸನ್ನೆಗಳನ್ನು ಕಳಿಸಲೂ ಓದಲೂ ಬೇಕಾದ ಹೆಚ್ಚಿನ ಶ್ರಮ, ಕದಲದೆ ಕೂರಬೇಕಾದ ಕಟ್ಟುಪಾಡು, ಮತ್ತು ತನ್ನದೇ ಮುಖ ಸದಾ ತನ್ನೆದುರಿಗೆ ಇರುವುದು. ಮನುಷ್ಯ ದಿನವಿಡೀ ಕನ್ನಡಿ ಹಿಡಿದುಕೊಂಡು ಇನ್ನೊಬ್ಬರ ಜೊತೆ ಮಾತಾಡಿದ ಕಾಲ ಹಿಂದೆ ಇರಲಿಲ್ಲ. ಇದಕ್ಕೆ ಪರಿಹಾರ ಸುಲಭದ್ದು, ಈಗಲೇ ಹೇಳಿಬಿಡುತ್ತೇನೆ. ಕರೆ ಶುರುವಾದ ಮೇಲೆ ನಿಮ್ಮ ಚಿತ್ರ ಚೌಕಟ್ಟಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ನೋಡಿ, ಸೆಟ್ಟಿಂಗ್‌ನಲ್ಲಿ ನಿಮ್ಮ ಮುಖ ನಿಮಗೆ ಮಾತ್ರ ಕಾಣದಂತೆ ಮಾಡಿ. ಇತರರಿಗೆ ನೀವು ಕಾಣುತ್ತಲೇ ಇರುತ್ತೀರಿ. ಕಿಟಕಿಯನ್ನು ಪರದೆಯ ಪೂರ್ತಿ ಹರಡದೆ ಚಿಕ್ಕದಾಗಿಡಿ. ಸಾಧ್ಯವಿರುವ ಕರೆಗಳನ್ನು ಧ್ವನಿಯಲ್ಲಷ್ಟೇ ಮುಗಿಸಿ.

ಉಳಿದದ್ದಕ್ಕೆ ಇಷ್ಟು ಸುಲಭದ ಗುಂಡಿ ಇಲ್ಲ. ಮೊದಲು ಲೆಕ್ಕ ಬರೆಯಬೇಕು. ಏಳು ದಿನ ಸಾಕು. ಕಾಗದದ ಮೇಲೆ ಐದು ಕಾಲಮ್ಮು ಎಳೆಯಿರಿ: ಯಾರ ಮುಂದೆ, ಏನನ್ನು ಮುಚ್ಚಿದೆ, ಏನನ್ನು ತೋರಿಸಿದೆ, ಎಷ್ಟು ಹೊತ್ತು, ಆಮೇಲಿನ ದಣಿವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು. ರಾತ್ರಿ ಒಂದೇ ಸಲ ಕೂತು ಬರೆದರೆ ದೊಡ್ಡ ಘಟನೆಗಳು ಮಾತ್ರ ನೆನಪಿಗೆ ಬರುತ್ತವೆ. ಸಣ್ಣವೇ ಸಂಖ್ಯೆಯಲ್ಲಿ ಹೆಚ್ಚು. ಆದ್ದರಿಂದ ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ, ಎರಡೆರಡು ನಿಮಿಷ. ಇಲ್ಲಿ ಸಾಮಾನ್ಯವಾಗಿ ಎಡವುವುದು ಎರಡು ಕಡೆ. ‘ಇವತ್ತು ತುಂಬಾ ಬೂಟಾಟಿಕೆ ಮಾಡಿದೆ’ ಎಂದು ತೀರ್ಪು ಬರೆಯುವುದು ಒಂದು. ಅದರಿಂದ ಏನೂ ತಿಳಿಯುವುದಿಲ್ಲ. ‘11 ಗಂಟೆ ಮೀಟಿಂಗು, ಲೆಕ್ಕ ಅರ್ಥವಾಗಲಿಲ್ಲ, ತಲೆಯಾಡಿಸಿದೆ, 20 ನಿಮಿಷ, ದಣಿವು 6’ ಎಂದು ನಡೆದದ್ದನ್ನು ಬರೆಯಬೇಕು. ಇನ್ನೊಂದು, ಬರೆಯುವ ವಾರವೇ ಬದಲಾಗಲು ಹೊರಡುವುದು. ಆ ವಾರ ಏನನ್ನೂ ಬದಲಿಸಬೇಡಿ.

ಎಂಟನೇ ದಿನ ಪಟ್ಟಿಯನ್ನು ಮೂರು ರಾಶಿ ಮಾಡಿ. ಸೌಜನ್ಯದ ನಟನೆ ಒಂದು ರಾಶಿ: ಬೇಸರವಾದರೂ ಅತಿಥಿಯ ಮಾತು ಕೇಳಿದ್ದು, ಇಷ್ಟವಾಗದ ಉಡುಗೊರೆಗೆ ಸಂತೋಷಪಟ್ಟದ್ದು. ಇದರ ಎದುರಿನ ದಣಿವಿನ ಅಂಕ ಎರಡು ಮೂರರ ಆಸುಪಾಸು ಇದ್ದರೆ ಅದರ ಗೋಜಿಗೆ ಹೋಗಬೇಡಿ, ಸಮಾಜ ನಡೆಯುವುದೇ ಅದರ ಮೇಲೆ. ಎರಡನೆಯದು ಅನ್ನಕ್ಕೂ ಸುರಕ್ಷತೆಗೂ ಸಂಬಂಧಿಸಿದ್ದು: ನಿಜ ಹೇಳಿದರೆ ಕೆಲಸ, ಸೂರು ಅಥವಾ ಮೈಗೆ ಅಪಾಯ ಇರುವಂಥದ್ದು. ಮೂರನೆಯದು ಅಭ್ಯಾಸದ ನಟನೆ. ಒಂದು ಕಾಲದಲ್ಲಿ ಯಾವುದೋ ಹೆದರಿಕೆಯಿಂದ ಶುರುವಾಗಿ, ಹೆದರಿಕೆ ಹೋದ ಮೇಲೂ ನಡೆದುಕೊಂಡು ಬಂದದ್ದು. ಯಾವ ರಾಶಿಗೆ ಹಾಕಬೇಕೆಂದು ಗೊತ್ತಾಗದಿದ್ದರೆ ‘ಇದನ್ನು ನಿಲ್ಲಿಸಿದರೆ ನಾಳೆ ಬೆಳಿಗ್ಗೆ ನಿಖರವಾಗಿ ಏನಾಗುತ್ತದೆ?’ ಎಂದು ಕೇಳಿಕೊಳ್ಳಿ. ಉತ್ತರ ಒಂದು ವಾಕ್ಯದಲ್ಲಿ ಬಂದರೆ ಅದು ಎರಡನೇ ರಾಶಿಯದು. ‘ಏನೋ ಒಂಥರಾ ಆಗುತ್ತೆ’ ಎಂದಷ್ಟೇ ಬಂದರೆ ಬಹುಮಟ್ಟಿಗೆ ಮೂರನೆಯದು.

ಕೈ ಹಾಕಬೇಕಾದ್ದು ಈ ಮೂರನೆಯದಕ್ಕೆ, ಅದರಲ್ಲೂ ಒಂದೇ ಒಂದು ನಟನೆಗೆ. ಇಲ್ಲಿ ಮೊದಲು ಹೇಳಿದ ವಿಂಗಡಣೆ ಉಪಯೋಗಕ್ಕೆ ಬರುತ್ತದೆ. ಮುಚ್ಚಿದ್ದನ್ನು ತೆರೆಯುವುದಕ್ಕಿಂತ ಮೊದಲು, ಇಲ್ಲದ್ದನ್ನು ತೋರಿಸುವುದನ್ನು ನಿಲ್ಲಿಸಿ. ನಗು ಬಾರದ ಜೋಕಿಗೆ ‘ಇದು ಚೆನ್ನಾಗಿಲ್ಲ’ ಎನ್ನಬೇಕಾಗಿಲ್ಲ, ನಗದೆ ಸುಮ್ಮನಿದ್ದರಾಯಿತು. ಎರಡು ವಾರ ಇಷ್ಟೇ ಮಾಡಿ. ಸುಮ್ಮನಿರುವುದು ನಾಟಕಕ್ಕೂ ಜಗಳಕ್ಕೂ ನಡುವಿನ ಜಾಗ; ಎಷ್ಟೋ ಜನರಿಗೆ ಅಂಥ ಒಂದು ಜಾಗ ಇದೆಯೆಂಬುದೇ ಮರೆತುಹೋಗಿರುತ್ತದೆ. ಆಮೇಲೆ ಸಣ್ಣ ಸಂಗತಿಗಳು: ‘ನನಗೆ ಗೊತ್ತಿಲ್ಲ’, ‘ಇನ್ನೊಮ್ಮೆ ಹೇಳಿ’, ‘ಇವತ್ತು ಸುಸ್ತಾಗಿದೆ’. ಅದರ ಮುಂದಿನದು ಇಷ್ಟಾನಿಷ್ಟ: ‘ಯಾವುದಾದರೂ ಪರವಾಗಿಲ್ಲ’ ಎನ್ನುವ ಕಡೆಯಲ್ಲಿ ಒಂದನ್ನು ಆರಿಸಿ ಹೇಳುವುದು. ನಿಮ್ಮ ಆಯ್ಕೆಯೇ ನಿಮಗೆ ತಿಳಿಯದಿದ್ದರೆ ಕಡಿಮೆ ಬೆಲೆಯ ಸಂಗತಿಗಳಲ್ಲಿ ಅಭ್ಯಾಸ ಮಾಡಿ. ಕೂರುವ ಜಾಗ, ನಡೆಯುವ ದಾರಿ, ಹೊರಡುವ ಹೊತ್ತು.

ನಿಜವಾದ ಗುಟ್ಟು, ಅಂದರೆ ಸಾಲ, ಕಾಯಿಲೆ, ಸೋಲು, ಮುರಿದ ಸಂಬಂಧ, ಇವು ಕೊನೆಯ ಮೆಟ್ಟಿಲು. ಇವನ್ನು ಒಬ್ಬರಿಗೆ ಮಾತ್ರ ಹೇಳಿ. ಯಾರಿಗೆ? ಬೇರೆಯವರ ಗುಟ್ಟನ್ನು ನಿಮ್ಮ ಹತ್ತಿರ ತಂದವರು ನಿಮ್ಮದನ್ನೂ ಬೇರೆಡೆ ಒಯ್ಯುತ್ತಾರೆ, ಅವರು ಬೇಡ. ನಿಮ್ಮ ಸಂಬಳ, ಬಡ್ತಿ, ಮನೆ ಯಾರ ಕೈಯಲ್ಲಿದೆಯೋ ಅವರೂ ಬೇಡ. ನೀವು ಸಣ್ಣ ಕಷ್ಟ ಹೇಳಿದಾಗ ಕೂಡಲೇ ತಮ್ಮ ದೊಡ್ಡ ಕಷ್ಟ ಶುರು ಮಾಡುವವರೂ ಆಗುವುದಿಲ್ಲ. ಮೊದಲು ಒಂದು ಸಣ್ಣ ಸತ್ಯ ಹೇಳಿ, ಎರಡು ವಾರ ಕಾದು, ಅದು ಎಲ್ಲಿಂದಲಾದರೂ ತಿರುಗಿ ಬರುತ್ತದೆಯೇ ನೋಡಿ. ಹೇಳುವಾಗ ಏನು ಬೇಕೆಂದು ಮೊದಲೇ ಹೇಳಿ: ‘ಹತ್ತು ನಿಮಿಷ ಬೇಕು. ಸಲಹೆ ಬೇಡ, ಕೇಳಿಸಿಕೊಂಡರೆ ಸಾಕು.’ ಈ ವಾಕ್ಯ ಇಲ್ಲದಿದ್ದರೆ ಕೇಳುವವರು ಗಾಬರಿಯಿಂದ ಪರಿಹಾರ ಸುರಿಯುತ್ತಾರೆ, ಹೇಳಿದವರು ಮತ್ತೆ ಮುಚ್ಚಿಕೊಳ್ಳುತ್ತಾರೆ.

ಕೆಡುವ ರೀತಿಗಳು ಹೆಚ್ಚೂಕಡಿಮೆ ಗೊತ್ತಿರುವಂಥವೇ. ತಮಾಷೆಯಲ್ಲಿ ಸುತ್ತಿ ಹೇಳುವುದು: ಎದುರಿನವರು ನಗುತ್ತಾರೆ, ಹೇಳಿದವರಿಗೆ ‘ಹೇಳಿದರೂ ಯಾರೂ ಕೇಳಲಿಲ್ಲ’ ಎಂಬ ಹೊಸ ಗಾಯ. ಹತ್ತು ವರ್ಷದ್ದನ್ನು ಒಂದು ಸಂಜೆಯಲ್ಲಿ ಸುರಿಯುವುದು. ಸಿಟ್ಟಿನಲ್ಲಿ ಹೇಳುವುದು, ಸಿಟ್ಟಿನಲ್ಲಿ ಆಡಿದ ಸತ್ಯ ಎದುರಿನವರಿಗೆ ಬೈಗುಳವಾಗಿಯೇ ಕೇಳುತ್ತದೆ. ಆಪ್ತರೊಬ್ಬರಿಗೂ ಹೇಳದೆ ನೇರವಾಗಿ ಜಾಲತಾಣದಲ್ಲಿ ಬರೆದುಬಿಡುವುದು. ಇನ್ನು ‘ನಾನು ಇದ್ದದ್ದು ಇದ್ದ ಹಾಗೆ ಹೇಳುವವನು’ ಎಂದು ಮಂದಿಯ ಮೈಮೇಲೆ ಬೀಳುವವರ ಬಗ್ಗೆ ಎರಡು ಮಾತು. ಇವತ್ತಿನ ಚರ್ಚೆ ತನ್ನ ಬಗ್ಗೆ ನಿಜ ಹೇಳುವುದರದ್ದು. ಇನ್ನೊಬ್ಬರ ಮೂಗಿನ ಬಗ್ಗೆ ಹೇಳುವುದರದ್ದಲ್ಲ.

ಎಲ್ಲರೂ ಗಮನಿಸಿಬಿಡುತ್ತಾರೆ ಎಂಬ ಹೆದರಿಕೆಗೆ ಒಂದು ಉತ್ತರ ಇದೆ. ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರ ತರುವ ಚಿತ್ರವಿದ್ದ ಟೀ ಶರ್ಟ್ ತೊಡಿಸಿ, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ತೊಟ್ಟವರ ಅಂದಾಜು. ಗಮನಿಸಿದ್ದು ಸುಮಾರು ಕಾಲು ಭಾಗ. ಉಳಿದವರು ಬಹುಶಃ ತಮ್ಮ ಶರ್ಟಿನ ಚಿಂತೆಯಲ್ಲಿದ್ದರು.

ಎರಡನೇ ರಾಶಿಯವರಿಗೆ, ಅಂದರೆ ಸಂಬಳಕ್ಕಾಗಿ ಮುಖ ಹೊರಲೇಬೇಕಾದವರಿಗೆ, ‘ಸಹಜವಾಗಿರಿ’ ಎಂದು ಹೇಳುವುದು ಕ್ರೌರ್ಯ. ಅವರಿಗೆ ಆಗುವ ಉಪಾಯ ಮೂರಿವೆ. ಮೊದಲನೆಯದು, ಸಾಧ್ಯವಾದಲ್ಲಿ ಮೇಲ್ನಟನೆಯನ್ನು ಒಳನಟನೆಗೆ ತಿರುಗಿಸುವುದು, ಅಂದರೆ ಎದುರಿನವರ ವರ್ತನೆಗೆ ನಂಬಬಹುದಾದ ಒಂದು ಕಾರಣ ಹುಡುಕಿಕೊಳ್ಳುವುದು. ಅವಮಾನ ಮಾಡುವವರ ವಿಷಯದಲ್ಲಿ ಇದನ್ನು ಮಾಡಬೇಡಿ, ಅಲ್ಲಿ ದೂರು ಕೊಡುವುದು ಸರಿ. ಎರಡನೆಯದು, ಎರಡು ಮೂರು ಗಂಟೆಗೊಮ್ಮೆ ಐದು ಹತ್ತು ನಿಮಿಷ ಯಾರೂ ನೋಡದ ಕಡೆ ಇರುವುದು. ಫೋನು ಹಿಡಿದು ಕೂತರೆ ಅದು ಬಿಡುವಲ್ಲ, ಅಲ್ಲಿಯೂ ಯಾರಿಗೋ ನಗುವ ಚಿಹ್ನೆ ಕಳಿಸುತ್ತಿರುತ್ತೀರಿ. ಮೂರನೆಯದು ಕೆಲಸಕ್ಕೂ ಮನೆಗೂ ನಡುವೆ ಒಂದು ತುಂಡು ಹೊತ್ತು. ಬಸ್ ಚಾಲಕರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೇಲ್ನಟನೆ ಹೆಚ್ಚಾದಲ್ಲಿ ನಿದ್ದೆಗೇಡೂ ಮನೆಯೊಳಗಿನ ಕಿರಿಕಿರಿಯೂ ಹೆಚ್ಚಾಗಿ ಕಂಡಿದ್ದವು. ಬಾಗಿಲು ತಟ್ಟುವ ಮೊದಲು ಕಾಲು ಗಂಟೆ ನಡೆದು ಬರುವುದು ವ್ಯರ್ಥವಲ್ಲ.

ಯಾರಿಗೂ ಹೇಳಲಾಗದಿದ್ದರೆ ಬರೆಯಬಹುದು. ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಕ್ರಮ ಹೀಗಿದೆ: ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಬಾಧಿಸಿದ ಘಟನೆಯನ್ನೂ ಅದರಿಂದಾದ ಭಾವನೆಯನ್ನೂ ಸೇರಿಸಿ ಬರೆಯುವುದು. ಕಾಗುಣಿತ, ವ್ಯಾಕರಣದ ಚಿಂತೆ ಬೇಡ, ಬರೆದದ್ದನ್ನು ಹರಿದುಹಾಕಬಹುದು. ಹಾಗೆ ಬರೆದವರು ನಂತರದ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಕಡಿಮೆ ಸಲ ಹೋದರು. ಮುಂದಿನ ಅಧ್ಯಯನಗಳಲ್ಲಿ ಪರಿಣಾಮ ಸಣ್ಣದೆಂದೇ ಕಂಡಿದೆ, ಹಾಗಾಗಿ ಪವಾಡ ನಿರೀಕ್ಷಿಸಬೇಡಿ. ಬರೆದ ಕೂಡಲೇ ಮನಸ್ಸು ಭಾರವಾಗುವುದು ಸಹಜ. ಮಲಗುವ ಮುನ್ನ ಬೇಡ. ಮೊನ್ನೆ ಮೊನ್ನೆ ನಡೆದ ಆಘಾತದ ಬಗ್ಗೆಯೂ ಈಗಲೇ ಬೇಡ.

ಕೆಲವರ ವಿಷಯದಲ್ಲಿ ಈ ಮಾತುಗಳೇ ಸಾಲವು. ಆಟಿಸಂ, ಅಂದರೆ ಇತರರೊಡನೆ ಬೆರೆಯುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವ ಸ್ಥಿತಿ, ಇರುವ ಅನೇಕರು ಕಣ್ಣಲ್ಲಿ ಕಣ್ಣಿಟ್ಟು ನೋಡುವುದನ್ನು, ಮಾತಿನ ಸರದಿಯನ್ನು, ಯಾವಾಗ ನಗಬೇಕೆಂಬುದನ್ನು ಬಾಯಿಪಾಠ ಮಾಡಿ ಇತರರಂತೆ ಕಾಣಲು ದಿನವಿಡೀ ಶ್ರಮಿಸುತ್ತಾರೆ. ಈ ಮರೆಮಾಚುವಿಕೆಗೂ ಆತ್ಮಹತ್ಯೆಯ ಯೋಚನೆಗಳಿಗೂ ನಂಟಿದೆ ಎಂದು 2018ರ ಅಧ್ಯಯನವೊಂದು ತೋರಿಸಿತು. ಅವರಿಗೆ ‘ಮುಖವಾಡ ಕಳಚಿ’ ಎನ್ನುವ ಮೊದಲು, ಕಳಚಿದವರನ್ನು ನೋಡಿ ನಗುವವರು ಬದಲಾಗಬೇಕು. ಹೊಡೆತದ ಮನೆಯಲ್ಲಿ ನಟಿಸುತ್ತಾ ಬದುಕುತ್ತಿರುವವರು ನಟನೆ ಬಿಡುವ ಮೊದಲು ಸುರಕ್ಷಿತ ಜಾಗ ಗೊತ್ತು ಮಾಡಿಕೊಳ್ಳಬೇಕು. ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ, ಮುಖ ಕಳಚಲು ಪ್ರತಿ ಸಂಜೆ ಮದ್ಯ ಬೇಕಾಗುತ್ತಿದ್ದರೆ, ವೈದ್ಯರ ಬಳಿ ಹೋಗಿ. ಸಾಯುವ ಯೋಚನೆ ಬರುತ್ತಿದ್ದರೆ ಎರಡು ವಾರವೂ ಕಾಯಬೇಡಿ, ಇವತ್ತೇ ಹೋಗಿ. ವೈದ್ಯರ ಮುಂದೆಯೂ ‘ಚೆನ್ನಾಗಿದ್ದೀನಿ’ ಎನ್ನುವ ಅಭ್ಯಾಸ ಇರುವವರು ಮೂರು ಸಾಲು ಬರೆದುಕೊಂಡು ಹೋಗಿ, ಆ ಚೀಟಿಯನ್ನೇ ಕೈಗೆ ಕೊಡಿ.

ಸಭಿಕರ ಪ್ರಶ್ನೆಗಳು

*ನಟಿಸುತ್ತಾ ಹೋದರೆ ಕೊನೆಗೆ ಅದೇ ನಿಜವಾಗುತ್ತದೆ ಎನ್ನುತ್ತಾರಲ್ಲ?*

ಎರಡು ಬೇರೆ ಸಂಗತಿಗಳು ಇಲ್ಲಿ ಕಲಸಿಹೋಗಿವೆ. ಹೆದರಿಕೆ ಇದ್ದರೂ ವೇದಿಕೆ ಹತ್ತಿ ಮಾತಾಡುವುದು ಅಭ್ಯಾಸ. ಮಾಡುತ್ತಾ ಮಾಡುತ್ತಾ ಅದು ಬರುತ್ತದೆ. ಬಾರದ ವಿದ್ಯೆಯನ್ನು ಬರುತ್ತದೆಂದು ತೋರಿಸುವುದು ಮುಚ್ಚುವ ಕೆಲಸ, ಅದರಿಂದ ಕಲಿಕೆಯೇ ನಿಲ್ಲುತ್ತದೆ. ಯಾಕೆಂದರೆ ಯಾರನ್ನೂ ಕೇಳುವಂತಿಲ್ಲ. ಇನ್ನು, ನಕ್ಕರೆ ಸಂತೋಷ ತಾನಾಗಿ ಬರುತ್ತದೆ ಎಂಬ ಮಾತು. ಹಲ್ಲಿನ ನಡುವೆ ಪೆನ್ನು ಕಚ್ಚಿಸಿ ಅದನ್ನು ತೋರಿಸಿದ 1988ರ ಪ್ರಸಿದ್ಧ ಪ್ರಯೋಗವನ್ನು 2016ರಲ್ಲಿ 17 ಪ್ರಯೋಗಾಲಯಗಳು ಮತ್ತೆ ಮಾಡಿದಾಗ ಆ ಫಲಿತಾಂಶ ಸಿಗಲಿಲ್ಲ. ನಂತರದ ದೊಡ್ಡ ಅಧ್ಯಯನವೊಂದರಲ್ಲಿ ನಗುವ ಮುಖವನ್ನು ಅನುಕರಿಸಿದವರಿಗೆ ಒಂದಿಷ್ಟು ಪರಿಣಾಮ ಕಂಡಿತು, ಸಣ್ಣದು. ಅದನ್ನು ನಂಬಿ ಎಂಟು ಗಂಟೆ ನಗುತ್ತಾ ಕೂರುವಂತಿಲ್ಲ.

*ನಾನು ಬದಲಾದರೆ ಜನ ದೂರವಾಗುವುದಿಲ್ಲವೇ?*

ಕೆಲವರು ಆಗುತ್ತಾರೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನೀವು ಯಾವಾಗಲೂ ‘ಆಯ್ತು’ ಎನ್ನುವುದರ ಮೇಲೆ ನಿಂತಿದ್ದ ಸಂಬಂಧಗಳು ಅಲುಗಾಡುತ್ತವೆ. ಮೊದಲ ಕೆಲವು ವಾರ ‘ಏನಾಗಿದೆ ನಿನಗೆ?’ ಎಂಬ ಪ್ರಶ್ನೆ ಬರುತ್ತದೆ. ಉದ್ದ ವಿವರಣೆ ಕೊಡಲು ಹೋಗಬೇಡಿ. ವಿವರಣೆ ಕೊಟ್ಟಷ್ಟೂ ಅದು ಚೌಕಾಸಿಯಾಗುತ್ತದೆ. ‘ಏನಿಲ್ಲ, ಈ ಸಲ ಆಗಲ್ಲ’ ಎಂಬ ಒಂದೇ ವಾಕ್ಯವನ್ನು ಪ್ರತಿ ಸಲವೂ ಅದೇ ದನಿಯಲ್ಲಿ ಹೇಳಿ. ಒಮ್ಮೆ ಹೇಳಿ ಮರುದಿನ ಕ್ಷಮೆ ಕೇಳಿ ಒಪ್ಪಿಕೊಂಡರೆ, ಇನ್ನಷ್ಟು ಒತ್ತಿದರೆ ಒಪ್ಪುತ್ತಾರೆ ಎಂದು ನೀವೇ ಕಲಿಸಿದ ಹಾಗೆ.

*ಮಕ್ಕಳ ಮುಂದೆಯೂ ನಮ್ಮ ಕಷ್ಟ ತೋರಿಸಬೇಕೇ? ಅವರ ಮುಂದೆ ನಗುನಗುತ್ತಾ ಇರಬೇಕಲ್ಲವೇ?*

ಪೂರ್ತಿ ಮುಚ್ಚುವುದು ಸಾಧ್ಯವಿಲ್ಲ. 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತಂದೆತಾಯಿಗಳು ತಮ್ಮ ಒತ್ತಡವನ್ನು ಅದುಮಿಕೊಂಡು ಮಕ್ಕಳ ಜೊತೆ ಕೆಲಸಕ್ಕೆ ಕೂತಾಗ, ದೊಡ್ಡವರಲ್ಲಿ ಮಾತ್ರವಲ್ಲ, ಮಕ್ಕಳ ನಡವಳಿಕೆಯಲ್ಲೂ ಅಕ್ಕರೆ ಕಡಿಮೆ ಕಂಡಿತು. ಹಾಗೆಂದು ಸಾಲದ ಲೆಕ್ಕವನ್ನು ಏಳು ವರ್ಷದ ಮಗುವಿನ ಮುಂದೆ ಹರಡಬೇಕಾಗಿಲ್ಲ. ಏನೋ ಸರಿಯಿಲ್ಲ ಎಂದು ಮಗುವಿಗೆ ಗೊತ್ತಾಗಿರುತ್ತದೆ, ಗೊತ್ತಿಲ್ಲದ್ದು ಕಾರಣ. ಕಾರಣ ಹೇಳದಿದ್ದರೆ ಅದು ತನ್ನನ್ನೇ ಕಾರಣ ಮಾಡಿಕೊಳ್ಳುತ್ತದೆ. ಆದ್ದರಿಂದ ಮೂರು ಮಾತು ಸಾಕು: ಏನಾಗಿದೆ, ಅದಕ್ಕೆ ನೀನು ಕಾರಣ ಅಲ್ಲ, ಇವತ್ತು ಏನು ಬದಲಾಗುವುದಿಲ್ಲ. ‘ಅಮ್ಮನಿಗೆ ಕೆಲಸದಲ್ಲಿ ತೊಂದರೆಯಾಗಿ ಬೇಜಾರಾಗಿದೆ ಪುಟ್ಟ. ನೀನೇನೂ ಮಾಡಿಲ್ಲ. ರಾತ್ರಿ ಕಥೆ ಹೇಳೋದು ಮಾತ್ರ ಇದ್ದೇ ಇದೆ.’ ಅಷ್ಟು ಹೇಳಿ, ಮಗು ಪ್ರಶ್ನೆ ಕೇಳಿದರೆ ಕೇಳಿದ್ದಕ್ಕಷ್ಟೇ ಉತ್ತರಿಸಿ. ಕೇಳದಿದ್ದರೆ ಆಟಕ್ಕೆ ಬಿಡಿ. ರಾತ್ರಿಯ ಕಥೆಯನ್ನು ಮಾತ್ರ ತಪ್ಪಿಸಬೇಡಿ.